ಜಾಗ ಬದಲಾದ ಹೇಂಟೆ ಮೊಟ್ಟೆ ನಿಲ್ಲಿಸುವುದೇಕೆ

ಕೋಳಿ ಸಾಕುವವರು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಸಲ ಕೇಳಿರುವುದು ಒಂದೇ ಪ್ರಶ್ನೆ. ಹಳೆಯ ಗೂಡಿನಲ್ಲಿ ತಪ್ಪದೆ ಮೊಟ್ಟೆ ಇಡುತ್ತಿದ್ದ ಹೇಂಟೆಗಳು, ಅದಕ್ಕಿಂತ ದೊಡ್ಡದಾದ, ಚೊಕ್ಕವಾದ ಹೊಸ ಗೂಡಿಗೆ ಬಂದ ಮೇಲೆ ಏಕೆ ನಿಲ್ಲಿಸಿಬಿಟ್ಟವು? ಈ ಪ್ರಶ್ನೆಯೊಳಗೆ, ಒಳ್ಳೆಯದನ್ನೇ ಮಾಡಿದೆವಲ್ಲ ಎಂಬ ಬೇಸರವೂ ಇರುತ್ತದೆ. ಇಂದು ಈ ಉಪನ್ಯಾಸದಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇಷ್ಟೆ: 'ಮೊಟ್ಟೆ ನಿಂತಿತು' ಎಂದು ನಾವು ಒಂದೇ ಉಸಿರಿನಲ್ಲಿ ಹೇಳುವುದು, ಹೇಂಟೆಯ ದೇಹದ ಎರಡು ಬೇರೆ ಬೇರೆ ಕಡೆಗಳಲ್ಲಿ ನಡೆಯುವ ಎರಡು ಬೇರೆ ಸಂಗತಿಗಳು. ಒಂದು, ಸಿದ್ಧವಾಗಿರುವ ಮೊಟ್ಟೆಯನ್ನು ಕೆಲವು ಗಂಟೆಗಳ ಕಾಲ ಹಿಡಿದಿಟ್ಟುಕೊಳ್ಳುವುದು. ಇನ್ನೊಂದು, ಮುಂದಿನ ದಿನಗಳ ಮೊಟ್ಟೆಗಳಿಗೆಂದು ಬೆಳೆಯುತ್ತಿದ್ದ ಹಳದಿಗಳನ್ನು ದೇಹವೇ ಕರಗಿಸಿಕೊಳ್ಳುವುದು. ಮೊದಲನೆಯದಕ್ಕೆ ನಾವು ಮಾಡಬೇಕಾದ ಉಪಚಾರವೇ ಬೇರೆ, ಎರಡನೆಯದಕ್ಕೆ ಮಾಡಬೇಕಾದದ್ದೇ ಬೇರೆ. ಎರಡನ್ನೂ ಒಂದೇ ಎಂದುಕೊಂಡು ಅವಸರಪಡುವುದರಿಂದಲೇ ಬಹಳಷ್ಟು ಹಾನಿ ಆಗುತ್ತಿದೆ ಎಂಬುದು ನನ್ನ ಅಭಿಪ್ರಾಯ.

ಮೊದಲು ಮೊಟ್ಟೆ ಹೇಗೆ ಕಟ್ಟುತ್ತದೆ ಎಂಬುದನ್ನು ನೋಡೋಣ. ಹೇಂಟೆಯಲ್ಲಿ ಬೆಳೆದು ಕೆಲಸ ಮಾಡುವುದು ಸಾಮಾನ್ಯವಾಗಿ ಎಡಗಡೆಯ ಅಂಡಾಶಯ ಒಂದೇ. ಮೊಟ್ಟೆ ಇಡುತ್ತಿರುವ ಹೇಂಟೆಯ ಅಂಡಾಶಯ ನೋಡುವುದಕ್ಕೆ ಒಂದು ಗೊಂಚಲಿನಂತಿರುತ್ತದೆ. ಸಾಸಿವೆ ಕಾಳಿನಷ್ಟು ಸಣ್ಣ ಬಿಳಿ ಗುಂಡುಗಳಿಂದ ಹಿಡಿದು ಸಣ್ಣ ನಿಂಬೆಹಣ್ಣಿನ ಗಾತ್ರದ ಹಳದಿಗಳವರೆಗೆ ಎಲ್ಲವೂ ಅದರಲ್ಲಿ ಜೋತುಬಿದ್ದಿರುತ್ತವೆ. ಅವುಗಳಲ್ಲಿ ದೊಡ್ಡವು ಐದಾರು ಮಾತ್ರ. ಅವು ಒಂದಕ್ಕಿಂತ ಒಂದು ತುಸು ಚಿಕ್ಕದಾಗಿ, ಇದು ನಾಳೆಯದು, ಇದು ನಾಡಿದ್ದಿನದು ಎಂದು ಬೆರಳಿಟ್ಟು ಹೇಳಬಹುದಾದಷ್ಟು ಕ್ರಮವಾಗಿರುತ್ತವೆ. ಹಳದಿಯ ಸತ್ವವೆಲ್ಲ ತಯಾರಾಗುವುದು ಯಕೃತ್ತಿನಲ್ಲಿ. ರಕ್ತ ಅದನ್ನು ಹೊತ್ತು ತಂದು ಅಂಡಾಶಯಕ್ಕೆ ತುಂಬುತ್ತದೆ. ಹೀಗೆ ಒಂದು ಹಳದಿ ವೇಗವಾಗಿ ಬೆಳೆದು ಪೂರ್ಣ ಗಾತ್ರಕ್ಕೆ ಬರಲು 8ರಿಂದ 10 ದಿನಗಳಾದರೂ ಬೇಕು. ಅದು ಕಳಚಿಕೊಂಡು ಅಂಡನಾಳದ ಬಾಯಿಗೆ ಬಿದ್ದ ಮೇಲೆ ಮೊಟ್ಟೆಯಾಗಿ ಹೊರಬರಲು ಸುಮಾರು 25 ಗಂಟೆ. ಆ ಹೊತ್ತಿನಲ್ಲಿ ಲೋಳೆ ಸುತ್ತಿಕೊಳ್ಳುವುದಕ್ಕೆ 3 ಗಂಟೆ, ಪೊರೆ ಹೊದೆಯುವುದಕ್ಕೆ ಒಂದು ಗಂಟೆಗಿಂತ ತುಸು ಹೆಚ್ಚು. ಉಳಿದ 20 ಗಂಟೆಗಳಷ್ಟು ಕಾಲ ಗಟ್ಟಿ ಚಿಪ್ಪು ಕಟ್ಟುವುದಕ್ಕೇ ಹೋಗುತ್ತದೆ.

ಈ 25 ಗಂಟೆಯ ಲೆಕ್ಕ ಗೊತ್ತಿಲ್ಲದೆ ಎಷ್ಟೋ ಜನ ಸುಮ್ಮನೆ ಗಾಬರಿಯಾಗುತ್ತಾರೆ. ದಿನಕ್ಕಿರುವುದು 24 ಗಂಟೆಯಾದ್ದರಿಂದ ಹೇಂಟೆ ದಿನದಿನಕ್ಕೂ ತುಸು ತಡವಾಗಿ ಮೊಟ್ಟೆ ಇಡುತ್ತ ಹೋಗಿ, ಕೊನೆಗೊಂದು ದಿನ ಇಡುವುದೇ ಇಲ್ಲ; ಮರುದಿನ ಬೆಳಿಗ್ಗೆ ಮತ್ತೆ ಮೊದಲಿನ ಹೊತ್ತಿಗೆ ಶುರುಮಾಡುತ್ತದೆ. ಹಾಗಾಗಿ ಗೂಡು ಬದಲಿಸಿದ ಮರುದಿನ ಒಂದು ಮೊಟ್ಟೆ ಕಡಿಮೆಯಾದರೆ ಗೂಡೇ ಕಾರಣವೆಂದು ತಿಳಿಯಬೇಕಾಗಿಲ್ಲ.

ಈಗ ಆ ಎರಡು ಬಗೆಯ ನಿಲುಗಡೆಗೆ ಬರೋಣ.

ಚೀಲದಲ್ಲೋ ಬುಟ್ಟಿಯಲ್ಲೋ ಹಾಕಿ ಸಾಗಿಸಿದ, ನಾಯಿ ಬೆನ್ನಟ್ಟಿದ, ಪರಿಚಯವಿಲ್ಲದ ಕೈಗಳು ರೆಕ್ಕೆ ಹಿಡಿದೆತ್ತಿದ ಹೇಂಟೆಯ ಮೈಯಲ್ಲಿ ಅಡ್ರಿನಲಿನ್ ಎಂಬ ಹಾರ್ಮೋನು ಏರುತ್ತದೆ. ಚಿಪ್ಪು ಕಟ್ಟುವ ಚೀಲ ಆಗ ಮೊಟ್ಟೆಯನ್ನು ಹೊರದೂಡದೆ ಹಿಡಿದುಕೊಳ್ಳುತ್ತದೆ. ಒಳಗೇ ಉಳಿದ ಮೊಟ್ಟೆಯ ಮೇಲೆ ಸುಣ್ಣದ ಒಂದು ಪದರ ಹೆಚ್ಚಾಗಿ ಕೂರುತ್ತದೆ. ಕಂದು ಮೊಟ್ಟೆ ಇಡುವ ಹೇಂಟೆಯಾದರೆ ಆ ಮೊಟ್ಟೆ ಬೂದಿ ಬಳಿದಂತೆ ಮಂಕಾಗಿ ಹೊರಬರುತ್ತದೆ. ಅದು ಹೊರಬರುವ ಮೊದಲೇ ಅದರ ಹಿಂದೆ ಬರುತ್ತಿದ್ದ ಮೊಟ್ಟೆ ಬಂದು ಅದಕ್ಕೆ ತಾಗಿದರೆ, ಒಂದರ ನಡುವೆ ಬಿಳಿ ಪಟ್ಟಿ ಮೂಡುತ್ತದೆ, ಇನ್ನೊಂದರ ಒಂದು ಮಗ್ಗುಲು ಚಪ್ಪಟೆಯಾಗುತ್ತದೆ. ನಾನು ಹೇಂಟೆಗಳನ್ನು ಸ್ಥಳಾಂತರಿಸಿದಾಗಲೆಲ್ಲ ಮೊದಲ ಎರಡು ಮೂರು ದಿನಗಳ ಮೊಟ್ಟೆಗಳನ್ನು ಬೇರೆಯಾಗಿ ಇಟ್ಟು ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತೇನೆ. ಒಂದು ಸಲ ಒಂದೇ ಬುಟ್ಟಿಯಲ್ಲಿ ಪಟ್ಟಿಯಿದ್ದ ಮೊಟ್ಟೆಯೂ ಮಗ್ಗುಲು ಚಪ್ಪಟೆಯಾದ ಮೊಟ್ಟೆಯೂ ಅಕ್ಕಪಕ್ಕದಲ್ಲೇ ಸಿಕ್ಕಿದ್ದವು. ಬೆರಳಾಡಿಸಿದರೆ ಪಟ್ಟಿಯ ಅಂಚು ಉಗುರಿಗೆ ತಡೆಯುತ್ತಿತ್ತು. ಆ ಹೇಂಟೆ ಎಷ್ಟು ಹೊತ್ತು ಹೆದರಿಕೊಂಡಿತ್ತು ಎಂಬುದನ್ನು ಚಿಪ್ಪೇ ಬರೆದಿಟ್ಟಂತೆ ಇತ್ತು. ಈ ಬಗೆಯ ನಿಲುಗಡೆ ತಾತ್ಕಾಲಿಕವಾದದ್ದು. ಒಳಗಿನ ಹಳದಿಗಳ ಸಾಲು ಹಾಗೆಯೇ ಇರುವುದರಿಂದ ಹೆದರಿಕೆ ಇಳಿದ ಮೇಲೆ ಮೊಟ್ಟೆ ತಾನಾಗಿ ಬರುತ್ತದೆ.

ಎರಡನೆಯದು ಹಾಗಲ್ಲ. ಹೆದರಿಕೆ, ಹಸಿವು, ಬಾಯಾರಿಕೆ ಅಥವಾ ಸಹಿಸಲಾಗದ ಸೆಖೆ ದಿನಗಟ್ಟಲೆ ಮುಂದುವರಿದರೆ ಹೇಂಟೆಯ ರಕ್ತದಲ್ಲಿ ಕಾರ್ಟಿಕೊಸ್ಟಿರೋನ್ ಎಂಬ ಹಾರ್ಮೋನು ಏರಿಯೇ ಇರುತ್ತದೆ. ಆಗ ಮೆದುಳಿನ ಹೈಪೊಥಲಾಮಸ್ ಭಾಗ ಅಂಡಾಶಯವನ್ನು ನಡೆಸುವ ಪಿಟ್ಯುಟರಿ ಗ್ರಂಥಿಗೆ ಕಳಿಸುವ ಪ್ರಚೋದನೆಯನ್ನು ಕಡಿಮೆ ಮಾಡುತ್ತದೆ. ಪ್ರಚೋದನೆ ತಗ್ಗುವುದಷ್ಟೇ ಅಲ್ಲ, ಸಂತಾನದ ಕೆಲಸವನ್ನು ತಡೆಯುವುದಕ್ಕೆಂದೇ ಮೆದುಳಿನಲ್ಲಿ ಇನ್ನೊಂದು ಹಾರ್ಮೋನು ಇದೆ ಎಂಬುದನ್ನು ಜಪಾನಿನ ಕಾಜುಯೋಶಿ ತ್ಸುತ್ಸುಯಿ ಮತ್ತು ಅವರ ಸಂಗಡಿಗರು 2000ದಲ್ಲಿ ಕ್ವೇಲ್ ಹಕ್ಕಿಗಳಲ್ಲಿ ಕಂಡುಹಿಡಿದರು. ಹೀಗೆ ಮೇಲಿನಿಂದ ಬರುತ್ತಿದ್ದ ಆಸರೆ ತಪ್ಪಿದ ಕೂಡಲೆ ಅಂಡಾಶಯದ ಹಳದಿಗಳು ಬೆಳೆಯುವುದನ್ನು ನಿಲ್ಲಿಸಿ ಕುಗ್ಗತೊಡಗುತ್ತವೆ, ಅವುಗಳ ಸತ್ವವನ್ನು ದೇಹ ಮರಳಿ ಹೀರಿಕೊಳ್ಳುತ್ತದೆ.

ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹೊಸ ಜಾಗಕ್ಕೆ ತಂದ ಕೆಲವೇ ದಿನಗಳಲ್ಲಿ ನನ್ನ ಒಂದು ಹೇಂಟೆಯನ್ನು ನಾಯಿ ಕಚ್ಚಿ ಕೊಂದಿತು. ಅದು ಬಂದಾಗಿನಿಂದ ಒಂದೂ ಮೊಟ್ಟೆ ಇಟ್ಟಿರಲಿಲ್ಲವಾದ್ದರಿಂದ, ಹೂಳುವ ಮೊದಲು ಹೊಟ್ಟೆ ತೆರೆದು ನೋಡಿದೆ. ಬಿಗಿಯಾಗಿ, ಹೊಳೆಯುತ್ತ ಇರಬೇಕಾಗಿದ್ದ ಐದು ಹಳದಿಗಳು ಗಾಳಿ ಹೋದ ಬಲೂನಿನಂತೆ ಸಡಿಲಾಗಿ, ಮೂಲೆಮೂಲೆಯಾಗಿ ಸುಕ್ಕುಗಟ್ಟಿದ್ದವು. ಒಂದೆರಡರ ಬಣ್ಣ ಕಂದಿಗೆ ತಿರುಗಿತ್ತು. ಅಂಡನಾಳ ಬತ್ತಿ ತೆಳ್ಳಗಾಗಿತ್ತು. ಆ ಹೇಂಟೆ ಬದುಕಿದ್ದು, ಅಂದೇ ಅದರ ಭಯವೆಲ್ಲ ಹೋಗಿದ್ದರೂ, ಹೊಸ ಹಳದಿಗಳು ಮೊದಲಿನಿಂದ ಬೆಳೆದು ಮೊಟ್ಟೆಯಾಗಲು ಎರಡು ಮೂರು ವಾರಗಳಾದರೂ ಹಿಡಿಯುತ್ತಿದ್ದವು. ಜಾಗ ಬದಲಾಗಿ ವಾರವಾದರೂ ಮೊಟ್ಟೆಯಿಲ್ಲವೆಂದು ಆಹಾರ ಬದಲಿಸಿ, ಮತ್ತೆ ಗೂಡು ಬದಲಿಸಿ, ಔಷಧಿ ಕುಡಿಸುವವರು ಅರಿಯಬೇಕಾದದ್ದು ಇದೇ: ಬೆಳೆಯುವುದಕ್ಕೆ ಶುರುವಾಗಿದ್ದ ಹೊಸ ಸಾಲನ್ನು ಅವರ ಕೈಯೇ ಮತ್ತೆ ಮತ್ತೆ ಕೆಡಿಸುತ್ತಿರುತ್ತದೆ.

ಕಾಡಿನಲ್ಲಿರುವ ಮೂಲದ ಹಕ್ಕಿಯನ್ನು ನೆನೆದರೆ ಈ ಏರ್ಪಾಡಿನ ಅರ್ಥ ತಿಳಿಯುತ್ತದೆ. ನಮ್ಮ ಸಾಕುಕೋಳಿಯ ಮುಖ್ಯ ಪೂರ್ವಜ ಕೆಂಪು ಕಾಡುಕೋಳಿ. ಅದು ವರ್ಷಕ್ಕೆ ಇಡುವುದು ಬೆರಳೆಣಿಕೆಯಷ್ಟು, ಹೆಚ್ಚೆಂದರೆ ಹದಿನೈದಿಪ್ಪತ್ತು ಮೊಟ್ಟೆ. ಮರಿ ಬದುಕುವ ಸೂಚನೆಯಿಲ್ಲದ ಜಾಗದಲ್ಲಿ, ಕಾಲದಲ್ಲಿ ಮೊಟ್ಟೆಗೆ ಮೈಯ ಸತ್ವ ಸುರಿಯದಿರುವುದೇ ಆ ಹಕ್ಕಿಯ ಉಳಿವಿನ ದಾರಿ. ಮನುಷ್ಯ ಆಯ್ದು ಆಯ್ದು ಬೆಳೆಸಿ, ವರ್ಷಕ್ಕೆ 300ಕ್ಕೂ ಹೆಚ್ಚು ಮೊಟ್ಟೆ ಇಡುವ ತಳಿಗಳನ್ನು ಮಾಡಿದ್ದಾನೆ. ಆದರೆ ಆ ಕಾಡುಹಕ್ಕಿಯ ಎಚ್ಚರ ಇವುಗಳ ಮೆದುಳಿನಿಂದ ಹೋಗಿಲ್ಲ. ಹೊಸ ಗೂಡು ಚೊಕ್ಕವಾಗಿದೆಯೆಂಬುದು ನಮ್ಮ ಲೆಕ್ಕ. ಅಪರಿಚಿತವಾಗಿದೆ ಎಂಬುದು ಹೇಂಟೆಯ ಲೆಕ್ಕ.

ಬದಲಾವಣೆಗಳಲ್ಲಿ ನಮ್ಮ ಕಣ್ಣಿಗೆ ಬೀಳದೆ ಅತಿ ಹೆಚ್ಚು ಪರಿಣಾಮ ಮಾಡುವುದು ಬೆಳಕು. ಹೇಂಟೆ ದಿನದ ಉದ್ದವನ್ನು ಅಳೆಯುವುದು ಕಣ್ಣಿನಿಂದ ಮಾತ್ರವಲ್ಲ. ತಲೆಬುರುಡೆಯ ತೆಳು ಮೂಳೆಯನ್ನು ದಾಟಿ ಒಳಹೋಗುವ ಬೆಳಕನ್ನು ಗ್ರಹಿಸುವ ಕೋಶಗಳು ಹಕ್ಕಿಗಳ ಮೆದುಳಿನೊಳಗೇ ಇವೆ. ಫ್ರಾನ್ಸಿನ ಜಾಕ್ ಬೆನ್ವಾ 1930ರ ದಶಕದಲ್ಲಿ ಬಾತುಕೋಳಿಗಳ ಮೇಲೆ ಪ್ರಯೋಗ ನಡೆಸಿ, ಕಣ್ಣಿಲ್ಲದ ಹಕ್ಕಿಗಳ ಜನನಾಂಗಗಳೂ ಬೆಳಕಿಗೆ ಸ್ಪಂದಿಸಿ ಬೆಳೆಯುತ್ತವೆಂದು ತೋರಿಸಿದರು. ಮೊಟ್ಟೆ ಚೆನ್ನಾಗಿ ಬರಬೇಕಾದರೆ ದಿನಕ್ಕೆ 14ರಿಂದ 16 ಗಂಟೆಗಳ ಬೆಳಕು ಬೇಕು. ಅಷ್ಟೇ ಮುಖ್ಯವಾದ ಇನ್ನೊಂದು ಮಾತೆಂದರೆ, ಮೊಟ್ಟೆ ಇಡುತ್ತಿರುವ ಹೇಂಟೆಗೆ ಬೆಳಕಿನ ಅವಧಿ ಕಡಿಮೆಯಾಗಬಾರದು. ಬಯಲಿಗೆ ತೆರೆದುಕೊಂಡಿದ್ದ ಗೂಡಿನಿಂದ ಮೂರು ಕಡೆ ಗೋಡೆಯಿರುವ, ಮರದ ನೆರಳಿನ ಗೂಡಿಗೆ ಬಂದರೆ ಬೆಳಗಾಗುವುದು ತಡವಾಗುತ್ತದೆ, ಕತ್ತಲಾಗುವುದು ಬೇಗ. ನಮಗದು ತಂಪಾದ ಜಾಗ. ಹೇಂಟೆಯ ಮೆದುಳಿಗೆ ಹಗಲು ಕುಗ್ಗುವ ಕಾಲ ಬಂದಂತೆ. ಹಗಲು ಕುಗ್ಗಿದರೆ ಮೊಟ್ಟೆ ನಿಲ್ಲಿಸಿ ಗರಿ ಉದುರಿಸುವುದು ಹಕ್ಕಿಯ ಸಹಜ ಕ್ರಮ. ಹೇಂಟೆಯ ತಲೆಯೆತ್ತರದಲ್ಲಿ ಪುಸ್ತಕದ ಅಕ್ಷರ ಓದಲು ಬರುವಷ್ಟು ಬೆಳಕು ಇದೆಯೇ ಎಂದು ಬೆಳಿಗ್ಗೆಯೂ ಸಂಜೆಯೂ ಗೂಡಿನೊಳಗೆ ಕುಕ್ಕರಗಾಲಿನಲ್ಲಿ ಕುಳಿತು ನೋಡಬೇಕು. ದೀಪ ಹಾಕುವುದಾದರೆ ದಿನವೂ ಒಂದೇ ಹೊತ್ತಿಗೆ ಹಾಕಿ ಒಂದೇ ಹೊತ್ತಿಗೆ ಆರಿಸಬೇಕು. ನೆನಪಾದ ದಿನ ಹಾಕಿ ಮರೆತ ದಿನ ಬಿಡುವುದಕ್ಕಿಂತ ದೀಪವಿಲ್ಲದಿರುವುದೇ ಮೇಲು. ಗರಿ ಉದುರುವ ಕಾಲ ಒಮ್ಮೆ ಶುರುವಾಯಿತೆಂದರೆ ಎರಡು ಮೂರು ತಿಂಗಳು ಮೊಟ್ಟೆಯ ಆಸೆ ಬಿಡಬೇಕು. ಗರಿಯೆಂದರೆ ಹೆಚ್ಚುಕಡಿಮೆ ಪೂರ್ತಿ ಪ್ರೋಟೀನು. ಅದನ್ನೂ ಮೊಟ್ಟೆಯನ್ನೂ ಒಟ್ಟಿಗೆ ಕಟ್ಟುವ ಶಕ್ತಿ ಆ ಪುಟ್ಟ ದೇಹಕ್ಕಿಲ್ಲ.

ನೀರಿನ ವಿಷಯದಲ್ಲಿ ನನಗೆ ಹೆಚ್ಚು ಕಾಳಜಿಯಿದೆ, ಏಕೆಂದರೆ ಇಲ್ಲಿ ತಪ್ಪು ಮಾಡುವುದು ಬಹಳ ಸುಲಭ. ಮೊಟ್ಟೆಯ ಒಳಗಿನ ಮುಕ್ಕಾಲು ಪಾಲು ನೀರು. ದಿನಕ್ಕೆ 100ರಿಂದ 120 ಗ್ರಾಂ ಆಹಾರ ತಿನ್ನುವ ಹೇಂಟೆ ಅದರ ಎರಡರಷ್ಟು ನೀರು ಕುಡಿಯುತ್ತದೆ, ಸೆಖೆಯಲ್ಲಿ ಇನ್ನೂ ಹೆಚ್ಚು. ಬಟ್ಟಲಿನಲ್ಲಿ ಕುಡಿದು ಬೆಳೆದ ಹೇಂಟೆಯನ್ನು ನಿಪ್ಪಲ್ ಇರುವ ಗೂಡಿಗೆ ಬಿಟ್ಟರೆ ಆ ಲೋಹದ ತುದಿಯನ್ನು ಕುಕ್ಕಿದರೆ ನೀರು ಬರುತ್ತದೆಂದು ಅದಕ್ಕೆ ತಿಳಿಯದು. ಕೊಳವೆಯ ತುಂಬ ನೀರಿದ್ದೂ ಹೇಂಟೆ ಬಾಯಾರಿ ನಿಂತಿರುತ್ತದೆ. ಒಂದು ದಿನ ನೀರು ಸಿಗದಿದ್ದರೂ ಮೊಟ್ಟೆಗೆ ಪೆಟ್ಟು. ಅದಕ್ಕಿಂತ ಹೆಚ್ಚಾದರೆ ಗರಿ ಉದುರುವವರೆಗೂ ಹೋಗಬಹುದು. ಆದ್ದರಿಂದ ಹಳೆಯ ಬಟ್ಟಲುಗಳನ್ನು ಹೊಸ ಗೂಡಿಗೆ ಜೊತೆಯಲ್ಲೇ ತೆಗೆದುಕೊಂಡು ಹೋಗಬೇಕು, ಮತ್ತು ಮೊದಲ ಸಂಜೆ ಪ್ರತಿಯೊಂದು ಹೇಂಟೆಯೂ ಕತ್ತೆತ್ತಿ ನೀರು ನುಂಗುವುದನ್ನು ನಾವೇ ನಿಂತು ನೋಡಬೇಕು. ಆಹಾರವನ್ನೂ ಅದೇ ವಾರ ಬದಲಿಸಬಾರದು. ಹೊಸ ರೂಪದ ಆಹಾರವನ್ನು ಹೇಂಟೆ ಅನುಮಾನದಿಂದಲೇ ನೋಡುತ್ತದೆ. ಬರೀ ಕಾಳಿಗೆ ಬದಲಿಸಿದರೆ ಉಪ್ಪಿನಂಶವೂ ಸುಣ್ಣದಂಶವೂ ಸಾಲದೆ ಹೋಗುತ್ತವೆ. ಒಂದು ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಆಹಾರದಿಂದ ಬಾರದಿದ್ದಾಗ ಹೇಂಟೆ ತನ್ನ ಮೂಳೆಯಿಂದ ತೆಗೆದು ಕೊಡುತ್ತದೆ, ಹಾಗೆ ಬಹಳ ದಿನ ಕೊಡಲಾರದು.

ಇನ್ನು ಜೊತೆಗಾರರು. ಹಿಂಡಿನಲ್ಲಿ ಯಾರು ಯಾರನ್ನು ಕುಕ್ಕಬಹುದೆಂಬ ಕ್ರಮವೊಂದಿದೆ ಎಂಬುದನ್ನು ನಾರ್ವೆಯ ಥೋರ್ಲೈಫ್ ಶೆಲ್ಡರುಪ್-ಎಬ್ಬೆ 1920ರ ದಶಕದಲ್ಲಿ ವಿವರಿಸಿದರು. ಚಿಕ್ಕ ಹಿಂಡಿನಲ್ಲಿ ಪ್ರತಿಯೊಂದು ಹೇಂಟೆಗೂ ತನ್ನ ಸ್ಥಾನ ಗೊತ್ತಿರುತ್ತದೆ, ಆದ್ದರಿಂದ ಜಗಳ ಕಡಿಮೆ. ಎರಡು ಹೊಸ ಹೇಂಟೆಗಳು ಸೇರಿದರೆ, ಅಥವಾ ಇದ್ದ ಒಂದನ್ನು ತೆಗೆದರೆ, ಆ ಕ್ರಮವೆಲ್ಲ ಮತ್ತೆ ಹೊಡೆದಾಟದಿಂದಲೇ ನಿರ್ಣಯವಾಗಬೇಕು. ಕೆಳಗಿನ ಹೇಂಟೆಗಳನ್ನು ಆಹಾರದ ಬಟ್ಟಲಿನಿಂದಲೂ ಮೊಟ್ಟೆಯ ಪೆಟ್ಟಿಗೆಯಿಂದಲೂ ಓಡಿಸಲಾಗುತ್ತದೆ. ಒಂಟಿ ಹೇಂಟೆಯನ್ನು ಹಿಂಡಿಗೆ ಸೇರಿಸುವುದು ಎಲ್ಲಕ್ಕಿಂತ ಕ್ರೂರವಾದದ್ದೆಂದು ನಾನು ಭಾವಿಸುತ್ತೇನೆ. ಮೊದಲು ಎರಡು ಮೂರು ವಾರ ದೂರದಲ್ಲಿಟ್ಟು ರೋಗವಿಲ್ಲವೆಂದು ಖಾತ್ರಿ ಮಾಡಿಕೊಂಡು, ಆಮೇಲೆ ಜಾಲರಿಯ ಆಚೆ ಈಚೆ ಕೆಲವು ದಿನ ಕಾಣುವಂತಿಟ್ಟು, ಬಟ್ಟಲುಗಳನ್ನು ಎರಡು ಮೂರು ಕಡೆ ಹೆಚ್ಚಿಗೆ ಇರಿಸಿ ಸೇರಿಸಿದರೆ ನೋವು ಬಹಳ ಕಡಿಮೆಯಾಗುತ್ತದೆ.

ಇದುವರೆಗೆ ಹೇಳಿದ್ದು ನಿಜವಾಗಿ ಮೊಟ್ಟೆ ನಿಂತ ಹೇಂಟೆಗಳ ಮಾತು. ಆದರೆ ಹೊಸ ಜಾಗದಲ್ಲಿ 'ನಿಂತ' ಮೊಟ್ಟೆಗಳಲ್ಲಿ ಒಂದು ಪಾಲು ನಿಂತಿರುವುದೇ ಇಲ್ಲ, ಬೇರೆ ಕಡೆ ಇಟ್ಟಿರುತ್ತವೆ. ಮೊಟ್ಟೆ ಇಡುವ ಮುನ್ನ ಒಂದೆರಡು ಗಂಟೆ ಹೇಂಟೆಯ ನಡಿಗೆಯೇ ಬೇರೆ. ಅದು ಹಿಂಡಿನಿಂದ ಬೇರೆಯಾಗಿ, ಎಳೆದೆಳೆದು ಒಂದು ಬಗೆಯ ಗೊಣಗುದನಿ ಮಾಡುತ್ತ, ಮೂಲೆಮೂಲೆಗೆ ತಲೆ ತೂರಿಸಿ, ಒಳಹೋಗಿ, ಹೊರಬಂದು, ಮತ್ತೆ ಒಳಹೋಗಿ, ಕೊನೆಗೆ ಎದೆಯೂರಿ ಕೂತು ನೆಲವನ್ನು ಕಾಲಿನಿಂದ ಗುಳಿ ಮಾಡಿಕೊಳ್ಳುತ್ತದೆ. ಮಬ್ಬು ಬೆಳಕು, ಮರೆ, ಕೆಳಗೆ ಮೆತ್ತಗಿನ ಹುಲ್ಲು, ಇವು ಅದಕ್ಕೆ ಬೇಕು. ಹೊಸ ಗೂಡಿನ ಪೆಟ್ಟಿಗೆ ಬೆಳಕಿಗೆ ಎದುರಾಗಿದ್ದರೆ ಅದು ಬೇಲಿಯ ಬುಡವನ್ನೋ ಸೌದೆ ಒಟ್ಟಿದ ಜಾಗವನ್ನೋ ಆರಿಸಿಕೊಳ್ಳುತ್ತದೆ. ಮೊದಲ ವಾರ ಹೇಂಟೆಗಳನ್ನು ಮಧ್ಯಾಹ್ನದವರೆಗೆ ಗೂಡಿನೊಳಗೇ ಇಟ್ಟುಕೊಂಡು, ಪೆಟ್ಟಿಗೆಯಲ್ಲಿ ಮರದ ಒಂದು ಹುಸಿ ಮೊಟ್ಟೆ ಇಟ್ಟರೆ ಎಷ್ಟೋ ಸಲ ಇಷ್ಟರಿಂದಲೇ ಮೊಟ್ಟೆ 'ಮತ್ತೆ ಶುರುವಾಗುತ್ತದೆ'. ಹುಸಿ ಮೊಟ್ಟೆ ಒಂದೇ ಸಾಕು. ರಾಶಿ ಕಂಡರೆ ಕೆಲವು ತಳಿಯ ಹೇಂಟೆಗಳು ಕಾವಿಗೆ ಕೂತುಬಿಡುತ್ತವೆ, ಕಾವಿಗೆ ಕೂತದ್ದು ಮೊಟ್ಟೆ ಇಡುವುದಿಲ್ಲ.

ಹಳೆಯದಾದ, ಬೇರೆಯವರು ಬಳಸಿ ಬಿಟ್ಟ ಗೂಡಾಗಿದ್ದರೆ ರಾತ್ರಿ ಟಾರ್ಚ್ ಹಿಡಿದು ಹೋಗಿ ನೋಡಬೇಕು. ಕೋಳಿಯ ರಕ್ತ ಹೀರುವ ಕೆಂಪು ನುಸಿ ಹಗಲು ಹೇಂಟೆಯ ಮೈಮೇಲೆ ಕಾಣುವುದಿಲ್ಲ. ಕೂರುವ ಗಳುವಿನ ತುದಿ ಗೋಡೆಗೆ ಸೇರುವ ಸಂದಿನಲ್ಲಿ ಅಡಗಿದ್ದು ಕತ್ತಲಾದ ಮೇಲೆ ಹೊರಬರುತ್ತದೆ. ಕೋಳಿಯಿಲ್ಲದ ಗೂಡಿನಲ್ಲಿ ಅದು ತಿಂಗಳುಗಟ್ಟಲೆ ಉಪವಾಸ ಬದುಕಬಲ್ಲದು. ಸಂದಿನಲ್ಲಿ ಬಿಳಿ ಕಾಗದ ತೂರಿಸಿ ಎಳೆದಾಗ ಅದರ ಮೇಲೆ ರಕ್ತದ ಗೆರೆ ಮೂಡಿದರೆ ಮೊಟ್ಟೆ ಏಕೆ ಕಡಿಮೆಯೆಂದು ಬೇರೆ ಕಾರಣ ಹುಡುಕಬೇಕಾಗಿಲ್ಲ. ರೋಗದ ಗುರುತುಗಳೂ ಬೇರೆಯೇ: ಚಿಪ್ಪು ಸುಕ್ಕುಸುಕ್ಕಾಗಿ, ಲೋಳೆ ನೀರಾಗಿ ಬರುವುದು, ಸೀನು, ಮೂಗಿನಲ್ಲಿ ನೀರು, ಇಡೀ ಹಿಂಡಿನಲ್ಲಿ ಒಮ್ಮೆಗೇ ಮೊಟ್ಟೆ ಇಳಿಯುವುದು. ಇವು ಕಂಡರೆ ಜಾಗದ ಮೇಲೆ ಹೊರಿಸಿ ಕೂರದೆ ಪಶುವೈದ್ಯರನ್ನು ಕಾಣಬೇಕು.

ಕಾರಣ ಹುಡುಕುವಾಗ ನಾನು ಮಾಡುವುದು ದಿನಗಳನ್ನು ಹಿಂದಕ್ಕೆ ಎಣಿಸುವುದು. ಬದಲಾವಣೆಯಾದ ಮರುದಿನದಿಂದಲೇ ಮೊಟ್ಟೆಯಿಲ್ಲದಿದ್ದರೆ ಹೆದರಿಕೆ, ನೀರು ಅಥವಾ ಬಚ್ಚಿಟ್ಟ ಮೊಟ್ಟೆಯ ಕಡೆ ನೋಡುತ್ತೇನೆ. ಕೆಲವು ದಿನ ಸರಿಯಾಗಿದ್ದು ವಾರದ ಹೊತ್ತಿಗೆ ಇಳಿದುಹೋದರೆ ಆಹಾರ, ಬೆಳಕು ಮತ್ತು ಹಿಂಡಿನ ಜಗಳದ ಕಡೆ. ಸಾಗಿಸುವ ಕೆಲಸವನ್ನು ಕತ್ತಲಾದ ಮೇಲೆ, ಹೇಂಟೆಗಳು ಗಳುವಿನ ಮೇಲೆ ಮಂಪರಿನಲ್ಲಿರುವಾಗ, ಇಡೀ ಹಿಂಡನ್ನು ಒಡೆಯದೆ ಮಾಡಬೇಕೆಂದು ನಾನು ಹೇಳುವುದು ಇದಕ್ಕೇ. ಎಣಿಸುವಾಗ ಅನುಮಾನಪಡಬೇಕಾದ ಬದಲಾವಣೆಗಳು ಅಷ್ಟು ಕಡಿಮೆಯಾಗುತ್ತವೆ.

ಉಪನ್ಯಾಸ ಮುಗಿಯುತ್ತಿದ್ದಂತೆ ಮುಂದಿನ ಸಾಲಿನಲ್ಲಿದ್ದ ತಾಯಿಯೊಬ್ಬರು, "ಎಲ್ಲ ಸರಿಮಾಡಿ ಕಾದೆವೆಂದೇ ಇಟ್ಟುಕೊಳ್ಳಿ, ಮೊಟ್ಟೆ ಬರುತ್ತದೋ ಇಲ್ಲವೋ ಎಂದು ಮೊದಲೇ ತಿಳಿಯುವುದು ಹೇಗೆ?" ಎಂದು ಕೇಳಿದರು. ಹೇಂಟೆಯನ್ನು ಸಂಜೆ ಮೆಲ್ಲಗೆ ಎತ್ತಿ ತೊಡೆಯ ಮೇಲೆ ಕೂರಿಸಿಕೊಳ್ಳಿ, ಎಂದೆ. ಮೊಟ್ಟೆ ನಿಂತ ಹೇಂಟೆಯ ಜುಟ್ಟು ಬಿಳಿಚಿ, ಕುಗ್ಗಿ, ಒಣಗಿದಂತಿರುತ್ತದೆ. ಬಾಲದ ಕೆಳಗೆ ದ್ವಾರದ ಎರಡೂ ಪಕ್ಕದಲ್ಲಿ ಕೈಗೆ ಸಿಗುವ ಮೂಳೆತುದಿಗಳ ನಡುವೆ ಒಂದು ಬೆರಳು ಹಿಡಿಸುವುದೂ ಕಷ್ಟ. ಒಳಗೆ ಹಳದಿಗಳು ಮತ್ತೆ ಬೆಳೆಯತೊಡಗಿದಾಗ ಮೊದಲು ಬದಲಾಗುವುದು ಜುಟ್ಟು. ಅದು ದಿನದಿನಕ್ಕೆ ತುಂಬಿಕೊಂಡು ಕೆಂಪೇರುತ್ತದೆ, ಮುಟ್ಟಿದರೆ ಬೆಚ್ಚಗಿರುತ್ತದೆ. ಆಮೇಲೆ ಮೂಳೆಗಳ ನಡುವೆ ಎರಡು ಬೆರಳು, ಮೂರು ಬೆರಳು ಹಿಡಿಸುವಷ್ಟು ಜಾಗವಾಗುತ್ತದೆ, ದ್ವಾರ ಅಗಲವಾಗಿ ತೇವಗೊಳ್ಳುತ್ತದೆ. ಅಷ್ಟಾದ ಮೇಲೆ ಒಂದು ಬೆಳಿಗ್ಗೆ ಅದು ಪೆಟ್ಟಿಗೆಯೊಳಗೆ ಹೋಗಿ, ಹುಲ್ಲನ್ನು ಕೊಕ್ಕಿನಿಂದ ಎಳೆದು ಬೆನ್ನ ಮೇಲೆ ಹಾಕಿಕೊಂಡು, ಸುಮ್ಮನೆ ಕೂತು ಎದ್ದು ಬರುವುದನ್ನು ನೀವು ಕಾಣಬಹುದು. ಅಂದು ಪೆಟ್ಟಿಗೆಯಲ್ಲಿ ಏನೂ ಇಲ್ಲದಿದ್ದರೂ ಆ ಹುಲ್ಲನ್ನು ಮಾತ್ರ ಕದಲಿಸಬೇಡಿ.